ಗ್ರೀಸಿನ ವಾಸನೆಯ ತೋಳ

ಭೀಮಶಿ ಮಾಮಾ,

ತೋಳದ ಕಥೆಯನ್ನು ಮೊದಲು ಹೇಳಿದವನು ನೀನೇ. ಆಲಮಟ್ಟಿಯ ಹಿನ್ನೀರು ನಮ್ಮ ಹಳೆಯ ಊರಿನ ಅಗಸಿ ಬಾಗಿಲು ಮುಟ್ಟಿದ ಮರುವರ್ಷ, ಯುಗಾದಿಗೆ ಇನ್ನು ಮೂರು ದಿನ ಇರುವಾಗ, ಹೊಸ ಊರಿನ ತಗಡಿನ ಶೆಡ್ಡುಗಳ ನಡುವಿನ ಬೇವಿನ ಗಿಡದ ಕೆಳಗೆ, ಬೆಳಗಿನ ಚಹಾದ ಹೊತ್ತಿಗೆ ಹೇಳಿದೆ. ಎರಡನೆಯ ಸಲ ಹೇಳಿದವನು ನಾನು, ಅದೇ ದಿನ ಸಂಜೆ. ನಿನ್ನ ಬಾಯಲ್ಲಿ ಗೇಣುದ್ದ ಇದ್ದ ಕಥೆಯನ್ನು ಮಾರುದ್ದ ಮಾಡಿದವನೂ ನಾನೇ. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ನಿನ್ನ ಬಗ್ಗೆ ಆಡುತ್ತಿಲ್ಲ, ನಿನ್ನ ಮುಂದೆಯೇ ಆಡುತ್ತಿದ್ದೇನೆ. ಬದುಕಿದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ. ಅಲ್ಲಿ ಯಾರಿಂದಲಾದರೂ ಓದಿಸಿಕೋ. ಓದುವವನು ನಡುನಡುವೆ ನಕ್ಕರೆ ಸಹಿಸಿಕೋ.

ಆ ಬೆಳಿಗ್ಗೆ ನೀನು ನಿಂತಿದ್ದ ಠೀವಿ ನನಗೆ ಇನ್ನೂ ನೆನಪಿದೆ. ಕಾಲ ಬುಡದಲ್ಲಿ ತೋಳ, ಕೈಯಲ್ಲಿ ರಕ್ತ ಹಚ್ಚಿಕೊಂಡ ಭರ್ಚಿ, ಮೀಸೆಯ ಮೇಲೆ ಇನ್ನೊಂದು ಕೈ. ಹೊಂಡಗಲ್ಲ ಗುಡ್ಡದ ಬುಡದಲ್ಲಿ ಅದು ಮೈಮೇಲೆ ಹಾರಿತಂತೆ, ನೀನು ಮುಂಗಾಲು ಹಿಡಿದು ತಿರುವಿದೆಯಂತೆ, ಲಟಕ್ ಅಂದಿತಂತೆ, ಆಮೇಲೆ ಪಕ್ಕೆಗೆ ಭರ್ಚಿ. ನಾನು ಬಗ್ಗಿ ನೋಡಿದೆ. ಮುಂಗಾಲು ಮುರಿದು ಜೋತಾಡುತ್ತಿತ್ತು, ಒಂದು ಮಗ್ಗುಲು ಒಳಕ್ಕೆ ಕುಸಿದಿತ್ತು, ಕೂದಲಿಗೆ ಕಪ್ಪಗೆ ಏನೋ ಮೆತ್ತಿತ್ತು.

"ಮಾಮಾ, ಗ್ರೀಸಿನ ವಾಸನಿ ಬರಾಕತ್ತೈತಲ್ಲೋ" ಎಂದೆ.

"ತೋಳದ ಮೈವಾಸನೀನ ಹಂಗಲೇ ಅಳಿಯಾ. ನೀ ಏನ್ ತೋಳದ ಮಗ್ಗಲಕ ಮಲಗಿ ಎದ್ದೀಯೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇದ್ದವನು ಕುರಿಕಾಯುವ ಮಾಳಪ್ಪಜ್ಜ ಒಬ್ಬನೇ. ಅವನು ಕುಕ್ಕರಗಾಲಲ್ಲಿ ಕೂತು ತೋಳದ ಪಕ್ಕೆಯ ಮೇಲೆ ಕೈ ಆಡಿಸಿದ. "ಭರ್ಚಿ ಪೆಟ್ಟಿಗೆ ಪಕ್ಕಡಿ ಹಿಂಗ ಚಪ್ಪಟಿ ಆಗೂದಿಲ್ಲೋ ತಮ್ಮಾ. ಗಾಲಿ ಹಾದಂಗ ಐತಿ" ಎಂದ. ನೀನು ಅವನ ಕಣ್ಣಿಗೆ ಪೊರೆ ಬಂದಿದೆ, ಬಾಗಲಕೋಟೆಗೆ ಹೋಗಿ ತೋರಿಸಿಕೋ ಎಂದೆ. ನಾನು ಇನ್ನೂ ಮುಂದೆ ಹೋದೆ. ಸಂಜೆ ಕಥೆ ಹೇಳುವಾಗ ಅವನನ್ನು ತೋಳಕ್ಕೂ ಟಗರಿಗೂ ವ್ಯತ್ಯಾಸ ತಿಳಿಯದ ಕುರುಡಜ್ಜನನ್ನಾಗಿ ಕೂರಿಸಿದೆ. ಆ ಮುದುಕ ಸಾಯುವ ತನಕ ಜನ ಅವನಿಗೆ ಟಗರು ತೋರಿಸಿ "ತೋಳ ಬಂತಜ್ಜೋ" ಎನ್ನುತ್ತಿದ್ದರು. ಈ ಪಾಪದಲ್ಲಿ ನಿನಗೆ ಪಾಲಿಲ್ಲ, ಎಲ್ಲ ನನ್ನದೇ.

ಆಮೇಲಿನ ಮೂರು ದಿನದ ಮೆರವಣಿಗೆ ನಿನಗೆ ಮರೆತಿರಲಾರದು. ತೋಳ ಕೊಂದವನು ಅದನ್ನು ಕೋಲಿಗೆ ಕಟ್ಟಿಕೊಂಡು, ಹಲಗಿ ಬಾರಿಸಿಕೊಂಡು, ಸೀಮೆಯ ಕುರಿದಡ್ಡಿಗಳನ್ನೆಲ್ಲ ಸುತ್ತಬೇಕು, ಕುರಿ ಉಳಿಸಿದ್ದಕ್ಕೆ ಅವರು ಮರ್ಯಾದೆ ಮಾಡಬೇಕು, ಅದು ನಮ್ಮ ಕಡೆಯ ಪದ್ಧತಿ. ಬಿಸಿಲಿಗೆ ತೋಳ ಉಬ್ಬಿತು, ನೀನೂ ಉಬ್ಬಿದೆ. ಒಬ್ಬರು ಕಂಬಳಿ ಹೊದಿಸಿದರು, ಒಬ್ಬರು ಮರಿ ಕೊಟ್ಟರು, ಕಡೆಗೆ ಎಲ್ಲ ದಡ್ಡಿಯವರೂ ಸೇರಿ ಕೆಂಪು ರುಮಾಲು ಸುತ್ತಿದರು. ಆ ರುಮಾಲು ಸುತ್ತಿಕೊಂಡೇ ನೀನು ಹನ್ನೆರಡು ವರ್ಷ ಬದುಕಿದೆ. ಅದಕ್ಕಿಂತ ಮೊದಲು ನೀನು ಏನಾಗಿದ್ದೆ ಮಾಮಾ? ಬೆಕ್ಕು ಅಡ್ಡ ಬಂದರೆ ಸಂತೆಗೆ ಹೋಗದೆ ಮನೆಗೆ ತಿರುಗುತ್ತಿದ್ದವನು.

ಹಳೆಯ ಊರಿನಲ್ಲಿ ನಿನ್ನ ಅಪ್ಪ ಹೇಳುತ್ತಿದ್ದ ಕಥೆ ನಿನಗೆ ನೆನಪಿದೆಯೇ? ಯುಗಾದಿ ಪಾಡ್ಯದ ಸಂಜೆ ಕಟ್ಟೆಗೆ ಕೂತು ಕಥೆ ಕೇಳಿ, ಮರುದಿನ ಬೆಳಿಗ್ಗೆ ಬೇಟೆಗೆ ಏಳಬೇಕು. ಕಥೆ ಕೇಳದೆ ಹೋದವನಿಗೆ ಮೊಲವೂ ಸಿಗುವುದಿಲ್ಲ ಎಂದು ನಂಬಿಕೆ. ಆಗ ಹೇಳುತ್ತಿದ್ದದ್ದು ಹೊಂಡಗಲ್ಲಿನ ಕಥೆ. ಗುಡ್ಡದ ನೆತ್ತಿಯ ಬಂಡೆಯಲ್ಲಿ ಎಮ್ಮೆ ಮಲಗುವಷ್ಟು ದೊಡ್ಡ ಹೊಂಡವಿದೆಯಲ್ಲ, ಮಳೆಗಾಲದ ನೀರು ಅದರಲ್ಲಿ ಚೈತ್ರದ ತನಕ ನಿಲ್ಲುತ್ತದೆ. ಅದು ಪ್ರಾಣಿಗಳ ಪಾಲಿನ ನೀರು, ಅದಕ್ಕೆ ಬಾಯಿ ಇಟ್ಟ ಜೀವದ ಮೇಲೆ ಕೈ ಎತ್ತಬಾರದು ಎಂದು ಕಥೆ ಹೇಳುತ್ತಿತ್ತು. ಆದ್ದರಿಂದ ಬೇಟೆಗಾರರು ಗುಡ್ಡದ ನಡುವಿನಿಂದಲೇ ಹೊರಳಿ ಬರುತ್ತಿದ್ದರು. ಮೇಲೆ ಚಿಗರಿ, ನರಿ, ಕವುಜುಗ, ಕಿರುಬ, ಎಲ್ಲವೂ ನಿಶ್ಚಿಂತೆಯಿಂದ ನೀರು ಕುಡಿಯುತ್ತಿದ್ದವು. ನಿನ್ನ ಅಪ್ಪನ ನಂತರ ಅದನ್ನು ಹೇಳುವವನು ನಾನಾಗಿದ್ದೆ. ನಿನ್ನ ತೋಳ ಬಂದ ವರ್ಷ ಜನ "ಅಜ್ಜನ ಕಥಿ ಸಾಕು, ಮಾಮಾಂದು ಹೇಳು" ಎಂದರು. ನಾನು ಹೇಳಿದೆ. ಅವತ್ತಿನಿಂದ ಹೊಂಡಗಲ್ಲಿನ ಕಥೆಯನ್ನು ಯಾರೂ ಕೇಳಲಿಲ್ಲ. ಮರುದಿನ ಬೇಟೆ ಗುಡ್ಡದ ನೆತ್ತಿ ಹತ್ತಿತು. ನೀರಿಗೆ ಬಾಯಿ ಇಟ್ಟಿದ್ದ ಚಿಗರಿಯನ್ನು ನಾಯಿಗಳು...

ಇರಲಿ. ಆ ವರ್ಷ ನೀನು ತೊಡೆಯ ಪಾಲು ತೆಗೆದುಕೊಂಡೆ, ರುಮಾಲಿನವನಿಗೆ ಮೊದಲ ಪಾಲು ಎಂದು.

ಬೇಟೆಯ ಮಂದಿ ಗುಡ್ಡದಲ್ಲಿ ಮೂಗು ನೆಲಕ್ಕೆ ಹಚ್ಚಿಕೊಂಡು ತಿರುಗಿದ್ದನ್ನು ನೆನೆದರೆ ಈಗಲೂ ನನಗೆ ನಗಬೇಕೋ ಅಳಬೇಕೋ ತಿಳಿಯದು. ನೀನು ಹೇಳಿದ ವಾಸನೆಯ ಮಾತನ್ನು ನಾನು ಕಥೆಯಲ್ಲಿ ಚೆನ್ನಾಗಿ ಬೆಳೆಸಿದ್ದೆ. ತೋಳ ಇದ್ದ ಕಡೆ ಗ್ರೀಸಿನ ವಾಸನೆ ಬರುತ್ತದೆ, ಗವಿಗೆ ಮೂಗು ಹಿಡಿದರೆ ಗೊತ್ತಾಗುತ್ತದೆ ಎಂದು. ಊರಿಗೆ ಊರೇ ನಂಬಿತು. ನಲವತ್ತು ಮಂದಿ, ಹನ್ನೆರಡು ಮುಧೋಳ ನಾಯಿಗಳು. ನಾಯಿಗಳು ಖರೆ ವಾಸನೆ ಹಿಡಿದು ಒಂದು ಕಡೆ ಎಳೆದರೆ ಇವರು "ಅಲ್ಲಿ ಗ್ರೀಸ್ ವಾಸನಿ ಇಲ್ಲಲೇ, ಈ ಕಡೆ ಬಾ" ಎಂದು ಅವುಗಳ ಸರಪಳಿ ಜಗ್ಗುತ್ತಿದ್ದರು. ಒಂದು ವರ್ಷ ಯಾರಿಗೋ ವಾಸನೆ ಬಂತು. ಇಡೀ ದಂಡು ಭರ್ಚಿ ಎತ್ತಿಕೊಂಡು, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಗುಡ್ಡದಾಚೆಯ ಒಂದು ಗುಡಿಸಲನ್ನು ಸುತ್ತುಗಟ್ಟಿತು. ಒಳಗಿದ್ದದ್ದು ಬಾವಿಯ ಡೀಸೆಲ್ ಇಂಜಿನ್ನು. ಅದಕ್ಕೆ ಎಣ್ಣೆ ಬಿಡುತ್ತಿದ್ದ ರೈತ ಭರ್ಚಿಗಳನ್ನು ಕಂಡು ಬಾವಿಗೆ ಹಾರಿದ. ಅವನನ್ನು ಎತ್ತಲು ಮಧ್ಯಾಹ್ನವಾಯಿತು. ಆ ದಿನ ನೀನು ಏನೆಂದೆ? "ತೋಳ ಇಂಜಿನ್ನಿನ ಹಂತೇಕ ಬಂದು ಮೈ ತಿಕ್ಕಿ ಹೋಗಿರಬೇಕ್ರಲೇ" ಎಂದೆ. ಮೀಸೆಯ ಒಂದು ಕೂದಲೂ ಅಲ್ಲಾಡಲಿಲ್ಲ.

ನೀನು ಹೋದ ಮೇಲೆ, ಹೋದ ವರ್ಷದ ಮಳೆಗಾಲ ಮುಗಿದಾಗ, ಭರ್ಚಿ ಕೇಳಲು ನಿನ್ನ ಮನೆಗೆ ಹೋಗಿದ್ದೆ. ರುಮಾಲನ್ನು ಗರಡಿಮನೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಟ್ಟಿದ್ದಾರೆ, ಮುಂದೆ ತೋಳ ಹೊಡೆದವನ ತಲೆಗೆ ಅದು. ಪಕ್ಕದಲ್ಲಿ ಭರ್ಚಿಯೂ ಇರಲಿ ಎಂದು ಹುಡುಗರ ಆಸೆ. ಕಾಶವ್ವ ಅತ್ತಿ ಒಳಕಲ್ಲ ಮುಂದೆ ಕೂತು ಮೆಣಸಿನಕಾಯಿ ಕುಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಒಯ್ಯಿ. ಆದರ ನನ್ನ ಹುಂಜ ಕೊಟ್ಟು ಒಯ್ಯಿ."

"ಯಾವ ಹುಂಜ ಅತ್ತಿ?"

"ಕೆಂಪು ಹುಂಜ. ಮುಳುಗಡಿ ಊರಿಂದ ಬಗಲಾಗ ಹಿಡಕೊಂಡು ಬಂದಿದ್ದೆ. ನಿಮ್ಮ ಮಾಮಾ ಆ ತೋಳನ ಚೀಲದಾಗ ಹಾಕ್ಕೊಂಡು ತಂದಾಗ ಅದು ಸತ್ತು ಸೆಟದಿತ್ತಪ್ಪಾ. ಲೋಕಾಪುರ ರಸ್ತೇಕ ಬಿದ್ದಿತ್ತಂತ, ಲಾರಿ ಹಾದು. ಹಿತ್ತಲದಾಗ ಕೆಡವಿ ಭರ್ಚೀಲೆ ಚುಚ್ಚಿದ. ರಗತ ಬರಲಿಲ್ಲ. ಮತ್ತ ಚುಚ್ಚಿದ. ಬರಲಿಲ್ಲ. ‘ರಗತಿಲ್ಲದ ಭರ್ಚಿ ಯಾರ್ ನಂಬ್ತಾರ’ ಅಂತ ಸುತ್ತ ನೋಡಿದ. ನನ್ನ ಹುಂಜ ಕಣ್ಣಿಗಿ ಬಿತ್ತು."

ಆ ರಾತ್ರಿ ನಿನ್ನ ಮನೆಯಲ್ಲಿ ಕೋಳಿ ಸಾರು ಉಂಡಿದ್ದೆ ನಾನು. ತೋಳ ಕೊಂದ ಸಂತೋಷಕ್ಕೆ ಎಂದು ನೀನು ಎರಡು ಸಲ ಬಡಿಸಿದ್ದೆ. ಮುರಿದ ಕಾಲು, ಕುಸಿದ ಪಕ್ಕೆ, ಗ್ರೀಸು, ಎಲ್ಲ ನನ್ನ ಮೂಗಿನ ಕೆಳಗೇ ಇತ್ತು. ಕುರುಡ ಮಾಳಪ್ಪಜ್ಜನೋ, ನಾನೋ?

"ಇಷ್ಟ ದಿನ ಯಾಕ ಹೇಳಲಿಲ್ಲ ಅತ್ತಿ?"

"ಯಾರ್ ಕೇಳಿದ್ರು? ನೀವೆಲ್ಲಾ ತೋಳದ ಸುದ್ದಿ ಕೇಳಿದ್ರಿ. ಹುಂಜದ ಸುದ್ದಿ ಯಾರೂ ಕೇಳಲಿಲ್ಲ."

ಅವತ್ತು ಭರ್ಚಿ ಬಿಟ್ಟು ಬರಿಗೈಯಲ್ಲಿ ಮನೆಗೆ ನಡೆಯುತ್ತ ನಾನು ಒಂದು ಮಾತು ಯೋಚಿಸಿದೆ. ಹೊಳೆದಂಡೆಯ ಜಾಲಿಯ ಪೊದೆಗಳು ನೀರಿನಲ್ಲಿ ಮುಳುಗಿದಾಗ ನಮಗೆ ಸರ್ಕಾರ ಗುಡ್ಡದ ಬುಡದಲ್ಲಿ ಪ್ಲಾಟು ಕೊಟ್ಟಿತು. ಅದೇ ಪೊದೆಗಳಲ್ಲಿ ಇದ್ದ ತೋಳಕ್ಕೆ ಡಾಂಬರು ರಸ್ತೆ ಸಿಕ್ಕಿತು. ಅದು ಎಲ್ಲಿಗೆ ಹೊರಟಿತ್ತೋ, ಬಹುಶಃ ಇದೇ ಗುಡ್ಡಕ್ಕೆ. ನಿನ್ನ ಇಡೀ ಜನ್ಮದಲ್ಲಿ ನೀನು ಒಂದು ತೋಳವನ್ನೂ ಕೊಂದಿರಲಿಲ್ಲ ಮಾಮಾ. ನಿನ್ನಿಂದ ಆದ ಒಳ್ಳೆಯ ಕೆಲಸ ಅದೊಂದೇ. ಅದನ್ನೂ ಸುಳ್ಳು ಹೇಳಿ ಮುಚ್ಚಿಟ್ಟೆಯಲ್ಲ!

ಈ ಸಲದ ಯುಗಾದಿಗೆ ವಾರ ಇರುವಾಗ ಪರಶ್ಯಾ ನನ್ನ ಅಂಗಳಕ್ಕೆ ಓಡಿಬಂದ. ನಿನಗೆ ಗೊತ್ತು ಅವನು, ಟ್ರ್ಯಾಕ್ಟರ್ ಹೊಡೆಯುವವನು, ಈಗ ಗರಡಿ ಹುಡುಗರ ಮುಖಂಡ. ನಿನ್ನಂತೆ ಮೀಸೆ ಬಿಟ್ಟಿದ್ದಾನೆ, ನೋಡಿದರೆ ಮೈ ಉರಿಯುತ್ತದೆ.

"ಕಾಕಾ, ಈ ಸಲ ರುಮಾಲು ನಂದ! ಹೊಂಡಗಲ್ಲಿನ ಬುಡಕ ತೋಳದ ಗವಿ ಸಿಕ್ಕೈತಿ. ಕಣ್ಣಾರೆ ನೋಡೇನಿ. ದೊಡ್ಡೂವು ಎರಡು, ಮರಿ ನಾಕು."

"ವಾಸನಿ ಬಂತೇನು?" ಎಂದೆ. ಬೇರೆ ಏನು ಕೇಳಬೇಕು ತಿಳಿಯಲಿಲ್ಲ.

"ಅದ ನೋಡ್ ಕಾಕಾ, ಗ್ರೀಸ್ ವಾಸನೀನ ಇಲ್ಲ. ಈಗಿನ ತೋಳಕ್ಕ ಎಲ್ಲೀದು? ಹೈಬ್ರಿಡ್ ಜ್ವಾಳಕ್ಕ ರುಚಿ ಐತೇನು? ಹಂಗ."

ಮರುದಿನ ಬಿಸಿಲು ಏರುವ ಮೊದಲು ಗುಡ್ಡ ಹತ್ತಿದೆ. ವಯಸ್ಸಾಗಿದೆ, ಎರಡು ಕಡೆ ಕೂತೆ. ಹೊಂಡದಲ್ಲಿ ನೀರು ಮೊಣಕಾಲು ಮಟ್ಟ ಉಳಿದಿತ್ತು. ಸುತ್ತಲಿನ ಕೆಸರಿನಲ್ಲಿ ಗೊರಸಿನ ಗುರುತು, ಉಗುರಿನ ಗುರುತು, ಒಂದರ ಮೇಲೊಂದು. ದೂರದ ಬಾರಿಗಿಡದ ಮರೆಯಲ್ಲಿ ಕೂತೆ. ಮೊದಲು ಒಂದು ಚಿಗರಿ ಬಂತು, ಬಾಲ ಅಲ್ಲಾಡಿಸುತ್ತ ಕುಡಿಯಿತು, ಹೋಯಿತು. ಆಮೇಲೆ ಬಂಡೆಯ ಬುಡದಿಂದ ನಾಲ್ಕು ಮರಿಗಳು, ಊರ ನಾಯಿಮರಿಗಳಂತೆಯೇ ಒಂದರ ಕಿವಿ ಇನ್ನೊಂದು ಕಚ್ಚುತ್ತ ಬಂದು ನೀರಿಗೆ ಬಾಯಿ ಇಟ್ಟವು. ತಾಯಿ ಬಂಡೆಯ ಮೇಲೆ ನಿಂತು ಊರಿನ ಕಡೆ ನೋಡುತ್ತಿತ್ತು. ಅದಕ್ಕೆ ಊರಿನ ಮೇಲೆ ಎಷ್ಟು ನಂಬಿಕೆ ಇತ್ತೋ ನನಗೂ ಅಷ್ಟೇ ಇತ್ತು. ಹನ್ನೆರಡು ವರ್ಷ ಇವರು ಗ್ರೀಸು ಮೂಸುತ್ತ ತಿರುಗಿದ್ದರಿಂದ ಅವು ಉಳಿದಿದ್ದವು. ಈಗ ಮೂಗು ಬಿಟ್ಟು ಕಣ್ಣು ತೆರೆದಿದ್ದರು. ಯುಗಾದಿಗೆ ಇನ್ನು ಆರು ದಿನ, ಮರುದಿನವೇ ಬೇಟೆ.

ಪರಶ್ಯಾನಿಗೆ ಬುದ್ಧಿ ಹೇಳಿ ನೋಡಿದೆ. ನಕ್ಕ. ಅರಣ್ಯ ಇಲಾಖೆಯ ಗಾರ್ಡಿಗೆ ಹೇಳಿಬಿಡಲೇ ಎಂದುಕೊಂಡೆ. ಆಗ ಪೊಲೀಸು, ಕೇಸು, ಆಮೇಲೆ ಸಿಟ್ಟಿಗೆ ಯಾರಾದರೂ ಗುಡ್ಡದ ಹುಲ್ಲಿಗೆ ಬೆಂಕಿ ಇಟ್ಟರೆ? ಉಳಿದದ್ದು ಕಥೆ ಒಂದೇ. ಆದರೆ ನಾನು ಕಥೆ ಹೇಳಿ ಬದುಕಿದವನು. ಇಷ್ಟು ವರ್ಷ ಹೇಳಿದ್ದು ಸುಳ್ಳು ಎಂದು ನನ್ನ ಬಾಯಿಂದಲೇ ಹೇಳಿದರೆ, ನಾಳೆ ನನ್ನ ಕಟ್ಟೆಗೆ ಯಾರು ಬಂದಾರು? ನಿನ್ನ ಹೆಂಡತಿಗೆ ಹಬ್ಬದಲ್ಲಿ ಸಿಗುವ ಮೊದಲ ಮರ್ಯಾದೆ ಏನಾದೀತು? ಅವಳನ್ನು ಕೇಳಲು ಹೋದೆ.

"ಹೇಳು" ಎಂದಳು. "ಹುಂಜಂದು ಬಿಡಬ್ಯಾಡ."

ಪಾಡ್ಯದ ಸಂಜೆ ಕಟ್ಟೆ ತುಂಬಿತ್ತು. ಬೇವು ಬೆಲ್ಲ ತಿಂದು ಬಂದ ಬಾಯಿಗಳು, ಎಣ್ಣೆ ತಿಕ್ಕಿಸಿಕೊಂಡು ಮಿಂಚುವ ನಾಯಿಗಳು, ಸಾಣೆ ಹಿಡಿದ ಭರ್ಚಿಗಳು. ನಾನು ಎಂದಿನಂತೆಯೇ ಶುರುಮಾಡಿದೆ. "ನಸುಕಿನ್ಯಾಗ ಭೀಮಶಿ ಲೋಕಾಪುರ ರಸ್ತೇಕ ಬಂದ."

"ಗುಡ್ಡಕ ಬಂದ ಕಾಕಾ. ರಸ್ತೇಕ ಅಲ್ಲ" ಎಂದ ಪರಶ್ಯಾ. ಕಥೆ ಎಲ್ಲರಿಗೂ ಬಾಯಿಪಾಠ.

"ರಸ್ತೇನ. ಸುಮ್ನ ಕೇಳು."

ಹೇಳಿದೆ. ಲಾರಿ ಹೇಳಿದೆ, ಚೀಲ ಹೇಳಿದೆ, ನೀನು ಸತ್ತ ತೋಳದ ಜೊತೆ ಹಿತ್ತಲಿನಲ್ಲಿ ಯುದ್ಧ ಮಾಡಿದ್ದನ್ನು ಹೇಳಿದೆ. ಭರ್ಚಿ ಚುಚ್ಚಿ ಚುಚ್ಚಿ ನೀನು ಬೆವರಿದ್ದು, ತೋಳ ಬೆವರದೆ ಇದ್ದದ್ದು. ಮಾಳಪ್ಪಜ್ಜನ ಮಾತನ್ನು ಅವನು ಆಡಿದಂತೆಯೇ ಆಡಿ ತೋರಿಸಿದೆ, ಎದ್ದು ನಿಂತು. ಹುಂಜದ ಹತ್ತಿರ ಬಂದಾಗ ಹೆಂಗಸರ ಸಾಲಿನಿಂದ ಅತ್ತಿ ಕೂಗಿದಳು, "ಕೆಂಪಂದು! ಜುಟ್ಟ ಇತ್ತು ಅದಕ!" ಮೊದಲು ಹೆಂಗಸರು ನಕ್ಕರು. ಆಮೇಲೆ ಮುದುಕರು. ನಿನ್ನ ಹೆಸರಿನ ಮೇಲೆ ಹನ್ನೆರಡು ವರ್ಷದ ನಗು ಒಮ್ಮೆಲೇ ಸುರಿಯಿತು ಮಾಮಾ. ಹುಡುಗರು ಮಾತ್ರ ನಗಲಿಲ್ಲ.

ಪರಶ್ಯಾ ನಿಧಾನವಾಗಿ ಕೇಳಿದ. "ಹಂಗಾದ್ರ ಕಾಕಾ, ನಾವು ಇಷ್ಟ ವರ್ಷ ಗುಡ್ಡದಾಗ ಗವಿ ಗವಿಗೆ ಮೂಗು ಹಾಕಿ ಮೂಸಿದ್ದು..."

"ಲಾರಿ."

ಬಾವಿಗೆ ಹಾರಿದ್ದ ರೈತನ ನೆನಪು ಯಾರಿಗೋ ಬಂತು. ನಕ್ಕು ನಕ್ಕು ಒಬ್ಬ ಕಟ್ಟೆಯಿಂದ ಉರುಳಿದ. ಪರಶ್ಯಾನ ಮುಖ ಮೆಣಸಿನಕಾಯಿಯಂತೆ ಆಯಿತು. "ಛಲೋ ಹುಚ್ಚರ ಮಾಡಿದ್ರಿ ಇಬ್ಬರೂ ಸೇರಿ" ಎಂದ. ಯಾರೋ "ನಾಳಿ ಬ್ಯಾಟಿ?" ಎಂದು ಕೇಳಿದರು. "ಬ್ಯಾಟಿ ಯಾಕ ನಿಲ್ಲತೈತಿ?" ಎಂದು ನಾಯಿಯನ್ನು ಎಳೆದುಕೊಂಡು ಹೋಗಿಬಿಟ್ಟ. ಇದ್ದ ಒಂದು ಕಥೆಯನ್ನೂ ಖರ್ಚು ಮಾಡಿ ಕೂತಿದ್ದೆ.

ಮರುದಿನ ಹೊತ್ತು ಮೂಡುವಾಗ ಹಲಗಿ ಕೇಳಿಸಿತು. ಓಡಿಹೋಗಿ ನೋಡಿದೆ. ನಲವತ್ತು ಮಂದಿ, ಹನ್ನೆರಡು ನಾಯಿ, ಭರ್ಚಿ ಎಲ್ಲ ಸಜ್ಜು. ಮುಂದೆ ಪರಶ್ಯಾ. ಅವನ ಬಗಲಲ್ಲಿ ಒಂದು ಕೆಂಪು ಹುಂಜ! ದಂಡು ನೇರ ನಿನ್ನ ಮನೆಯ ಮುಂದೆ ನಿಂತಿತು. "ತಗೋ ಆಯಿ, ನಿನ್ನ ಹುಂಜ" ಎಂದು ಅತ್ತಿಯ ಕೈಗೆ ಕೊಟ್ಟ. ಅವಳು ಅದರ ಜುಟ್ಟು ಸರಿಯಾಗಿದೆಯೇ ಎಂದು ನೋಡಿ, ನಿನ್ನ ಭರ್ಚಿಯನ್ನು ಅಂಗಳದಲ್ಲಿ ನೆಟ್ಟು, ಹುಂಜದ ಕಾಲಿಗೆ ದಾರ ಹಾಕಿ ಅದಕ್ಕೆ ಕಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ದಂಡಿನ ಜೊತೆ ಹೊರಟಳು. ಗುಡ್ಡದ ದಾರಿ ಎಡಕ್ಕೆ. ಹಲಗಿ ಬಲಕ್ಕೆ ಹೊರಳಿತು.

ಲೋಕಾಪುರ ರಸ್ತೆಗೆ ಹೋಗಿ ಸಾಲಾಗಿ ನಿಂತರು. ಮೊದಲು ಬಂದದ್ದು ಸುಣ್ಣಕಲ್ಲು ಹೇರಿದ ಲಾರಿ. ಅಷ್ಟು ಭರ್ಚಿ ಕಂಡು ಡ್ರೈವರ್ ಕೈ ಎತ್ತಿಕೊಂಡೇ ಇಳಿದ. "ಯಣ್ಣಾ, ನಾ ಯಾರಿಗೂ ಬಡದಿಲ್ರೀ. ಹಾರ್ನ್ ಹಾಕ್ಕೋತನ ಬಂದೇನ್ರೀ."

"ಅಂಜಬ್ಯಾಡ್ರಿ" ಎಂದ ಪರಶ್ಯಾ. "ಈ ಸೀಮ್ಯಾಗ ತೋಳ ಹೊಡದ ಖರೆ ಬ್ಯಾಟಿಗಾರರು ನಿಮ್ಮ ಮಂದೀನ. ತೆಲಿ ಬಗ್ಗಸ್ರಿ." ಗಾಜಿನ ಪೆಟ್ಟಿಗೆಯಿಂದ ತೆಗೆದುತಂದ ನಿನ್ನ ರುಮಾಲನ್ನು ಅವನ ತಲೆಗೆ ಸುತ್ತಿದ. ಹಲಗಿ ಬಡಿದರು, ಲಾರಿಯ ಮೂತಿಗೆ ಅರಿಶಿನದ ಭಂಡಾರ ಹಚ್ಚಿದರು. ಡ್ರೈವರ್ ಕಣ್ಣು ಪಿಳಿಪಿಳಿ ಬಿಟ್ಟು, "ಯಾವ ಹಬ್ಬರೀ ಇದು?" ಎಂದು ಕೇಳಿದ.

"ಹುಂಜದ ತಿಥಿ" ಎಂದಳು ನಿನ್ನ ಹೆಂಡತಿ.

ಆಮೇಲೆ ಪರಶ್ಯಾ ಹಿಂದಿನ ಗಾಲಿಯ ಹತ್ತಿರ ಬಗ್ಗಿ ಮೂಗು ಹಿಡಿದ. "ಬರ್ರಲೇ, ಇದ ನೋಡ್ರಿ ನಮ್ಮ ತೋಳ!" ಒಬ್ಬೊಬ್ಬರಾಗಿ ಬಂದರು. ನಲವತ್ತು ಮಂದಿ ಬೇಟೆಗಾರರು, ಭರ್ಚಿ ಹೆಗಲಿಗೆ ಹಾಕಿಕೊಂಡು, ಸಾಲು ಹಚ್ಚಿ, ಆ ಗಾಲಿಯನ್ನು ಮೂಸಿ ಮೂಸಿ ನಕ್ಕರು. ಕಡೆಗೆ ನಾನೂ ಬಗ್ಗಿ ಮೂಸಿದೆ ಮಾಮಾ. ಅದೇ ವಾಸನೆ. ಲಾರಿ ನಿನ್ನ ರುಮಾಲು ಹೊತ್ತು ಲೋಕಾಪುರದ ಕಡೆ ಹೋಯಿತು. ಬರುವ ಯುಗಾದಿಗೆ ನಿನ್ನ ಅಪ್ಪನ ಕಥೆ ಹೇಳುತ್ತೇನೆಂದು ಅಲ್ಲೇ ಎಲ್ಲರೆದುರು ಮಾತು ಕೊಟ್ಟೆ. "ಹೇಳೋಣಂತ. ನಂಬೂದು ಬಿಡೂದು ನಮಗ ಬಿಡು" ಎಂದ ಪರಶ್ಯಾ. ಬಿಸಿಲೇರಿತ್ತು. ನಾಯಿಗಳನ್ನು ಎಳೆದುಕೊಂಡು ಎಲ್ಲರೂ ಹೋಳಿಗೆ ಉಣ್ಣಲು ಊರಿಗೆ ತಿರುಗಿದರು. ಗುಡ್ಡದ ಕಡೆ ಅವತ್ತು ಯಾರೂ ಹೋಗಲಿಲ್ಲ.